ಇಂಗಾಲದೊಳಗಣ ಕಬ್ಬಿಣ: ಮಾಗಡಿಯ ಕುಲುಮೆಯಿಂದ ಗ್ರಾಫೀನಿನವರೆಗೆ

1. ಪೀಠಿಕೆ

ಕಬ್ಬಿಣದ ಆಕ್ಸೈಡು ಮತ್ತು ಇಂಗಾಲ, ಇವೆರಡರ ಸಹವಾಸ ನಮ್ಮ ನಾಡಿನಲ್ಲಿ ಹೊಸದಲ್ಲ. ಇಂದು ವಿಶ್ವವಿದ್ಯಾನಿಲಯಗಳ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ವಿಭಾಗಗಳಲ್ಲಿ ಅಭ್ಯಾಸಕ್ಕೊಳಗಾಗಿರುವ 'ಲೋಹದ ಆಕ್ಸೈಡು ಮತ್ತು ಗ್ರಾಫೀನುಗಳ ನ್ಯಾನೊ ಸಮ್ಮಿಶ್ರ'ಗಳಲ್ಲಿ ಅನೇಕವು ಮೂಲತಃ ಈ ಎರಡು ವಸ್ತುಗಳಿಂದಲೇ ಆದವು. ಗ್ರಾಫೀನ್ ಎಂಬುದು ಇಂಗಾಲದ ಪರಮಾಣುಗಳು ಜೇನುಹುಟ್ಟಿನ ಕಣ್ಣುಗಳಂತೆ ಷಟ್ಕೋನಾಕಾರವಾಗಿ ಒಂದೇ ಪದರದಲ್ಲಿ ಹಬ್ಬಿಕೊಂಡಿರುವ ಹಾಳೆ. ಈ ಹಾಳೆಯ ಮೇಲೆ ಆಕ್ಸೈಡಿನ ಅತಿ ಸೂಕ್ಷ್ಮ ಕಣಗಳನ್ನು ನೆಲೆಗೊಳಿಸಿದರೆ ನ್ಯಾನೊ ಸಮ್ಮಿಶ್ರ ದೊರೆಯುತ್ತದೆ. ಕಣಗಳ ಗಾತ್ರವನ್ನು ನ್ಯಾನೊಮೀಟರುಗಳಲ್ಲಿ ಹೇಳುವುದು ರೂಢಿ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ಒಂದು ನ್ಯಾನೊಮೀಟರು.

ಇದೇ ಎರಡು ವಸ್ತುಗಳನ್ನು ಇನ್ನೂರು ವರ್ಷಗಳ ಹಿಂದೆ ಮಾಗಡಿಯ ಕುಲುಮೆಗಳಲ್ಲಿ ಕೂಡಿಸುತ್ತಿದ್ದರು. ಆ ಕೂಡಿಕೆಯ ಫಲ ಕಬ್ಬಿಣವಾಗಿತ್ತು. ಕಬ್ಬಿಣಕ್ಕೆ ಇನ್ನಷ್ಟು ಇಂಗಾಲ ಸೇರಿದಾಗ ಅದು ಉಕ್ಕಾಗುತ್ತಿತ್ತು. ಅಂದಿನ ಕುಲುಮೆಗೂ ಇಂದಿನ ಪ್ರಯೋಗಶಾಲೆಗೂ ಇರುವ ಸಂಬಂಧ ಯಾವುದು? ಅದು ಬರಿಯ ಹೋಲಿಕೆಯೇ, ಅಥವಾ ಇಂದಿನ ಸಂಶೋಧಕನು ಅಲ್ಲಿಂದ ಕಲಿಯಬೇಕಾದ ಪಾಠವೇನಾದರೂ ಉಂಟೇ? ಈ ಪ್ರಶ್ನೆಗಳನ್ನು ಇತಿಹಾಸದ ಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಸೀಮೆಯ ಕಲ್ಲು ಮತ್ತು ಕರಿಮರಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸೀಮೆ ಬಂಡೆಗಳ ಸೀಮೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದ ಆ ಹೆಸರು ಊರಿನಿಂದ ಮರೆಯಾದರೂ ಭೂವಿಜ್ಞಾನದಲ್ಲಿ ಉಳಿದುಕೊಂಡಿದೆ. ತೆಂಕಣಿಂದ ಬಡಗಣಕ್ಕೆ ನೂರಾರು ಮೈಲಿ ಹಬ್ಬಿರುವ, ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಈ ಕಣಶಿಲೆಯ ಪಟ್ಟಿಯನ್ನು ಲೋಕದ ಭೂವಿಜ್ಞಾನಿಗಳೆಲ್ಲರೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ.

ಗ್ರಾನೈಟಿನಲ್ಲಿ ಪ್ರಧಾನವಾದ ಖನಿಜಗಳು ಬೆಣಚು ಮತ್ತು ಫೆಲ್ಸ್ಪಾರ್. ಇವುಗಳ ನಡುವೆ ಅಲ್ಪ ಪ್ರಮಾಣದಲ್ಲಿ ಮ್ಯಾಗ್ನೆಟೈಟ್ ಎಂಬ ಕಪ್ಪು ಖನಿಜವೂ ಇರುತ್ತದೆ. ಮೂರು ಕಬ್ಬಿಣದ ಪರಮಾಣುಗಳಿಗೆ ನಾಲ್ಕು ಆಮ್ಲಜನಕದ ಪರಮಾಣುಗಳು ಕೂಡಿ ಆದ ಆಕ್ಸೈಡು ಇದು. ನಮ್ಮ ಹಿರಿಯರು ಸೂಜಿಗಲ್ಲೆಂದು ಕರೆದದ್ದು ಈ ಖನಿಜವು ಸ್ವಾಭಾವಿಕವಾಗಿ ಕಾಂತಗುಣ ಪಡೆದ ರೂಪವನ್ನು. ಬಂಡೆ ಶಿಥಿಲವಾದಾಗ ಹಗುರವಾದ ಬೆಣಚು ಮುಂದೆ ಸಾಗುತ್ತದೆ. ಭಾರವಾದ ಮ್ಯಾಗ್ನೆಟೈಟ್ ಹಳ್ಳದ ತಿರುವುಗಳಲ್ಲಿ ತಂಗುತ್ತದೆ. ಮಳೆ ಬಿಟ್ಟ ಮೇಲೆ ಹಳ್ಳದ ಮರಳಿನ ಮೇಲೆ ಕಾಣುವ ಕಪ್ಪು ಗೆರೆಗಳು ಇವೇ. ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಂಥ ಊರಿನಲ್ಲಿ ಶಾಲೆಯ ಬಾಲಕನೊಬ್ಬನು ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಮರಳಿನ ಮೇಲೆ ಎಳೆದಾಗ ಅದರ ತುದಿಗೆ ಮೀಸೆಯಂತೆ ಅಂಟಿಕೊಳ್ಳುವ ಕರಿಯ ಪುಡಿಯೂ ಇದೇ. ಲೋಹದ ಆಕ್ಸೈಡಿನ ಕಾಂತಗುಣವನ್ನು ಅರಿಯಲು ಇದಕ್ಕಿಂತ ಸುಲಭವಾದ ಪ್ರಯೋಗವಿಲ್ಲ.

3. ಕುಲುಮೆ, ಮೂಸೆ ಮತ್ತು ತಂತಿ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ವೈದ್ಯನಾದ ಫ್ರಾನ್ಸಿಸ್ ಬುಕನನ್ 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದನು. ಆತನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬೆಳೆ, ದನಕರು, ಸುಂಕಗಳ ಜೊತೆಗೆ ಕುಲುಮೆಗಳನ್ನೂ ಆತನು ಕಣ್ಣಿಟ್ಟು ನೋಡಿ ಬರೆದಿದ್ದಾನೆ. ಮಾಗಡಿಯ ಸುತ್ತಿನಲ್ಲಿ, ಆತನ ಬರಹದಲ್ಲಿ ಘೆಟ್ಟಿಪುರವೆಂದು ಕಾಣುವ ಊರಿನ ಕಡೆ, ಕಬ್ಬಿಣ ತೆಗೆಯುವ ಕೆಲಸ ನಡೆಯುತ್ತಿತ್ತು. ಉತ್ತರದ ಚನ್ನರಾಯನದುರ್ಗದ ಸುತ್ತಿನಲ್ಲಿ ಮಳೆಯ ನೀರು ತಂದ ಕರಿಮರಳನ್ನೇ ಕೂಡಿಹಾಕಿ ಕರಗಿಸುವ ಪದ್ಧತಿಯನ್ನು ಆತನು ವರ್ಣಿಸಿದ್ದಾನೆ.

ಕುಲುಮೆಯ ಒಳಗೆ ನಡೆಯುತ್ತಿದ್ದ ಕ್ರಿಯೆಯನ್ನು ಇಂದಿನ ಮಾತಿನಲ್ಲಿ ಹೀಗೆ ಹೇಳಬಹುದು. ಮಣ್ಣಿನ ಗೂಡಿಗೆ ಇದ್ದಿಲನ್ನೂ ಅದುರನ್ನೂ ಪದರಪದರವಾಗಿ ಸುರಿದು ತಿದಿಗಳಿಂದ ಗಾಳಿಯನ್ನು ಊದುತ್ತಾರೆ. ಇದ್ದಿಲು ಅರೆಬೆಂದು ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲವು ಅದುರಿನ ಆಮ್ಲಜನಕವನ್ನು ಮೆಟ್ಟಿಲುಮೆಟ್ಟಿಲಾಗಿ ಕಸಿದುಕೊಳ್ಳುತ್ತದೆ. ಸುಮಾರು 1200 ಸೆಂಟಿಗ್ರೇಡ್ ಡಿಗ್ರಿಯ ಈ ಶಾಖದಲ್ಲಿ ಕಬ್ಬಿಣ ಪೂರ್ತಿ ಕರಗದೆ, ಸ್ಪಂಜಿನಂಥ ಮೃದುವಾದ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಕಲ್ಮಷಗಳು ಕಬ್ಬಿಣದ ಒಂದಂಶವನ್ನು ಹೊತ್ತುಕೊಂಡು ಕಿಟ್ಟವಾಗಿ ಹರಿದುಹೋಗುತ್ತವೆ. ಗಟ್ಟಿಯನ್ನು ಬಡಿದು ಕಿಟ್ಟವನ್ನು ಹಿಂಡಿದರೆ ಕಬ್ಬಿಣ ಸಿದ್ಧವಾಯಿತು.

ಉಕ್ಕಿಗೆ ಇನ್ನೊಂದು ಹಂತ ಬೇಕು. ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿಗಳನ್ನೂ ಒಂದು ಬಗೆಯ ಬಳ್ಳಿಯ ಹಸಿರೆಲೆಗಳನ್ನೂ ಸೇರಿಸಿ, ಬಾಯನ್ನು ಮಣ್ಣಿನಿಂದ ಮುಚ್ಚಿ ಕಾಯಿಸುವ ವಿಧಾನವನ್ನು ಬುಕನನ್ ದಾಖಲಿಸಿದ್ದಾನೆ. ಕಡ್ಡಿ ಮತ್ತು ಎಲೆಗಳಲ್ಲಿದ್ದ ಇಂಗಾಲವು ಕಬ್ಬಿಣದೊಳಕ್ಕೆ ಇಳಿಯುತ್ತದೆ. ಹೀಗೆ ಆದ ಮೂಸೆಯ ಉಕ್ಕಿನಲ್ಲಿ ಇಂಗಾಲವು ತೂಕದಲ್ಲಿ ನೂರಕ್ಕೆ ಒಂದರಿಂದ ಎರಡರಷ್ಟು ಇರುತ್ತದೆ. ಅದರಲ್ಲಿ ಒಂದಂಶ ಕಬ್ಬಿಣದೊಡನೆ ಕೂಡಿ ಸಿಮೆಂಟೈಟ್ ಎಂಬ ಕಬ್ಬಿಣದ ಕಾರ್ಬೈಡು ಆಗಿರುತ್ತದೆ. ಮೂರು ಕಬ್ಬಿಣ ಪರಮಾಣುಗಳಿಗೆ ಒಂದು ಇಂಗಾಲ ಪರಮಾಣು ಸೇರಿದ ಈ ಸಂಯುಕ್ತವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅದು ಇನ್ನೊಂದು ಸಂದರ್ಭದಲ್ಲಿ ಬರುವುದಿದೆ.

ಮಾಗಡಿಯಿಂದ ಒಂದೆರಡು ದಿನಗಳ ನಡಿಗೆಯ ದೂರದಲ್ಲಿ, ಇಂದು ಅರಗಿನ ಬಣ್ಣದ ಬೊಂಬೆಗಳಿಂದ ಖ್ಯಾತವಾಗಿರುವ ಚನ್ನಪಟ್ಟಣದಲ್ಲಿ, ಉಕ್ಕನ್ನು ನವುರಾದ ತಂತಿಯಾಗಿ ಎಳೆಯುವ ಕಸಬಿತ್ತು. ವಾದ್ಯಗಳಿಗೆ ಕಟ್ಟುವ ಈ ತಂತಿ ದೂರದೂರದ ಸೀಮೆಗಳಿಗೆ ಹೋಗುತ್ತಿದ್ದುದನ್ನು ಬುಕನನ್ ಹೇಳಿದ್ದಾನೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ರೈಸ್ ಸಂಪಾದಿಸಿದ ಮೈಸೂರು ಗ್ಯಾಸೆಟಿಯರಿನಲ್ಲೂ ಆ ಕಸಬಿನ ಉಲ್ಲೇಖವಿದೆ. ಇಂಗಾಲ ಕಡಮೆಯಾದರೆ ತಂತಿ ಬಿಗಿ ತಾಳದೆ ಸಡಿಲವಾಗುತ್ತದೆ. ಹೆಚ್ಚಾದರೆ ಎಳೆಯುವಾಗಲೇ ತುಂಡಾಗುತ್ತದೆ. ಎಷ್ಟು ಇಂಗಾಲ ಎಂಬುದನ್ನು ಆ ಕುಶಲಕರ್ಮಿಗಳು ತೂಗಿ ನೋಡಿರಲಾರರು. ಆದರೆ ತಂತಿಯ ನಾದವೇ ಅವರಿಗೆ ಪರೀಕ್ಷೆಯಾಗಿತ್ತು. ಸುಳ್ಳು ಹೇಳದ ಪರೀಕ್ಷೆ ಅದು.

ಹೊರದೇಶದ ಅಗ್ಗದ ಕಬ್ಬಿಣ ಹಾಗೂ ತಂತಿ ಬಂದ ಮೇಲೆ, ಇದ್ದಿಲಿಗೆ ಬೇಕಾದ ಕಾಡು ಕೈಗೆಟುಕದಾದ ಮೇಲೆ, ಈ ಕಸಬುಗಳು ಅಳಿದವು. ಇದ್ದಿಲಿನಿಂದ ಕಬ್ಬಿಣ ತೆಗೆವ ಕ್ರಮ ಮಾತ್ರ ದೊಡ್ಡ ಪ್ರಮಾಣದಲ್ಲಿ ಮತ್ತೊಮ್ಮೆ ಕಾಣಿಸಿಕೊಂಡಿತು: ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಭದ್ರಾವತಿಯಲ್ಲಿ ಸ್ಥಾಪಿತವಾಗಿ 1923ರಲ್ಲಿ ಉತ್ಪಾದನೆಗೆ ತೊಡಗಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಇದ್ದಿಲಿನಿಂದಲೇ ಉರಿಯುತ್ತಿತ್ತು.

4. ಕಮ್ಮಾರನ ಮಗ ಫ್ಯಾರಡೆ

ನಮ್ಮ ಉಕ್ಕು ಯೂರೋಪಿನ ವಿದ್ವಾಂಸರ ಕೈಗೆ ಹೋದದ್ದು 'ವೂಟ್ಸ್' ಎಂಬ ಹೆಸರಿನಿಂದ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮಂಡಿಸಿದ ಪ್ರಬಂಧದಲ್ಲಿ ಈ ಹೆಸರಿದೆ. ಕನ್ನಡದ 'ಉಕ್ಕು' ಎಂಬ ಮಾತೇ ಬರೆವವರ ಕೈಯಲ್ಲಿ ರೂಪ ಕೆಟ್ಟು ಹೀಗಾಗಿರಬೇಕೆಂದು 1886ರಲ್ಲಿ ಯೂಲ್ ಮತ್ತು ಬರ್ನೆಲ್ ತಮ್ಮ ಪದಕೋಶದಲ್ಲಿ ಸೂಚಿಸಿದರು.

ಈ ಉಕ್ಕನ್ನು ಪೃಥಕ್ಕರಿಸಲು ಹೊರಟವರಲ್ಲಿ ಮೈಕೇಲ್ ಫ್ಯಾರಡೆಯೂ ಒಬ್ಬನು. ಆತನು ಕಮ್ಮಾರನ ಮಗ. 1819ರಲ್ಲಿ ಆತನು ಪ್ರಕಟಿಸಿದ ಪ್ರಬಂಧದಲ್ಲಿ ವೂಟ್ಸಿನ ಶ್ರೇಷ್ಠತೆಗೆ ಅದರಲ್ಲಿ ಅಲ್ಪವಾಗಿದ್ದ ಅಲ್ಯೂಮಿನ ಮತ್ತು ಸಿಲಿಕಗಳ ಮೂಲದ್ರವ್ಯಗಳನ್ನು ಕಾರಣವಾಗಿ ಹೇಳಿದನು. ಆ ತೀರ್ಮಾನ ನಿಲ್ಲಲಿಲ್ಲ. ಉಕ್ಕಿನ ಗುಣಕ್ಕೆ ಮೂಲ ಇಂಗಾಲವೆಂಬುದು ಮುಂದೆ ಸ್ಥಿರಪಟ್ಟಿತು. ಅತ್ಯಲ್ಪವಾದ ಬೆರಕೆಗೆ ಯಾವ ಗುಣವನ್ನು ಆರೋಪಿಸಬೇಕು, ಯಾವುದನ್ನು ಆರೋಪಿಸಬಾರದು ಎಂಬ ತೊಡಕು ಎಷ್ಟು ಹಳೆಯದು ಎಂಬುದಕ್ಕೆ ಈ ಪ್ರಸಂಗ ನಿದರ್ಶನ.

1845ರಲ್ಲಿ ಅದೇ ಫ್ಯಾರಡೆ ಕಾಂತಶಾಸ್ತ್ರದ ತಳಹದಿಯನ್ನು ವಿಸ್ತರಿಸಿದನು. ಕಾಂತಕ್ಷೇತ್ರಕ್ಕೆ ಕಬ್ಬಿಣವಷ್ಟೇ ಅಲ್ಲದೆ ಎಲ್ಲ ದ್ರವ್ಯಗಳೂ ಒಂದಲ್ಲ ಒಂದು ರೀತಿಯಲ್ಲಿ ಓಗೊಡುತ್ತವೆಂದು ತೋರಿಸಿದನು. ಕ್ಷೇತ್ರದಿಂದ ಮೆಲ್ಲಗೆ ದೂರ ಸರಿಯುವ ಗುಣ ಪ್ರತಿಕಾಂತತೆ. ಮೆಲ್ಲಗೆ ಅದರ ಕಡೆಗೆ ಎಳೆಯಲ್ಪಡುವ ಗುಣ ಅನುಕಾಂತತೆ. ಕಬ್ಬಿಣದಂತೆ ಬಲವಾಗಿ ಎಳೆಯಲ್ಪಟ್ಟು, ಕ್ಷೇತ್ರ ಹೋದ ಮೇಲೂ ನೆನಪನ್ನು ಉಳಿಸಿಕೊಳ್ಳಬಲ್ಲ ಗುಣ ಫೆರೋಕಾಂತತೆ. ಗ್ರಾಫೈಟ್ ಎಂಬ ಇಂಗಾಲವು ಪ್ರತಿಕಾಂತವರ್ಗಕ್ಕೆ ಸೇರಿದ್ದು. ಅದರ ಪದರಗಳಿಗೆ ಲಂಬವಾಗಿ ಅಳೆದಾಗ ಈ ಪ್ರತಿಕಾಂತತೆ ವಿಶೇಷವಾಗಿ ಹೆಚ್ಚು. ಅದನ್ನು ನಿಖರವಾಗಿ ಅಳೆದವರಲ್ಲಿ ನಮ್ಮ ದೇಶದ ಕೆ. ಎಸ್. ಕೃಷ್ಣನ್ ಪ್ರಮುಖರು, ಗಂಗೂಲಿಯವರೊಡನೆ ಈ ಕುರಿತು ಅವರು ಬರೆದ ಪ್ರಬಂಧ 1941ರಲ್ಲಿ ಪ್ರಕಟವಾಯಿತು. ಅಂದರೆ ಶುದ್ಧವಾದ ಇಂಗಾಲದ ಪದರ ಅಯಸ್ಕಾಂತವನ್ನು ಕಂಡು ಹಿಂಜರಿಯುವ ವಸ್ತು. ಅದು ಅಯಸ್ಕಾಂತಕ್ಕೆ ಅಂಟಿಕೊಂಡಿತೆಂದರೆ ವಿಚಾರಿಸಬೇಕಾಗುತ್ತದೆ.

5. ಸಣ್ಣ ಕಣದ ಕಾಂತತೆ ಮತ್ತು ಸುಟ್ಟ ಮಣ್ಣು

ಮ್ಯಾಗ್ನೆಟೈಟಿನ ಕಾಂತತೆಯ ರಹಸ್ಯವನ್ನು ಬಿಡಿಸಿದವನು ಫ್ರಾನ್ಸಿನ ಲೂಯಿ ನೆಯೆಲ್. ಈ ಆಕ್ಸೈಡಿನಲ್ಲಿ ಕಬ್ಬಿಣದ ಪರಮಾಣುಗಳು ಎರಡು ಬಗೆಯ ಸ್ಥಾನಗಳಲ್ಲಿ ನೆಲಸಿವೆ. ಒಂದು ಸ್ಥಾನದವುಗಳ ಕಾಂತಭ್ರಮಣ ಇನ್ನೊಂದು ಸ್ಥಾನದವುಗಳಿಗೆ ಎದುರುಮುಖವಾಗಿದೆ. ಎರಡೂ ಸಮನಾಗಿದ್ದರೆ ಒಂದನ್ನೊಂದು ಅಳಿಸಿಹಾಕುತ್ತಿದ್ದವು. ಸಮನಾಗಿಲ್ಲದ್ದರಿಂದ ಶೇಷವೊಂದು ಉಳಿಯುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಗೆ ಇಬ್ಬರು ಹೆಚ್ಚಾದಂತೆ. ಇದನ್ನು 1948ರಲ್ಲಿ ನೆಯೆಲ್ ಫೆರಿಕಾಂತತೆ ಎಂದು ಹೆಸರಿಸಿ ವಿವರಿಸಿದನು. 1970ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂತು. ಸಿ. ಜಿ. ಎಸ್. ಪದ್ಧತಿಯಲ್ಲಿ ಹೇಳುವುದಾದರೆ ಸಾಮಾನ್ಯ ಉಷ್ಣತೆಯಲ್ಲಿ ಮ್ಯಾಗ್ನೆಟೈಟಿನ ಸಂತೃಪ್ತ ಕಾಂತತ್ವ ಗ್ರಾಮಿಗೆ ಸುಮಾರು 92 ಮಾನಗಳು. ಕಬ್ಬಿಣದ್ದು ಸುಮಾರು 218. ಮ್ಯಾಗ್ನೆಟೈಟ್ ತನ್ನ ಫೆರಿಕಾಂತತೆಯನ್ನು ಕಳೆದುಕೊಳ್ಳುವ ಕ್ಯೂರಿ ಉಷ್ಣತೆ ಸುಮಾರು 580 ಸೆಂಟಿಗ್ರೇಡ್ ಡಿಗ್ರಿ.

ಕಣದ ಗಾತ್ರ ಕುಗ್ಗಿದಾಗ ಏನಾಗುತ್ತದೆ? ದೊಡ್ಡ ತುಂಡಿನಲ್ಲಿ ಕಾಂತತೆಯು ಬೇರೆ ಬೇರೆ ದಿಕ್ಕಿಗೆ ಮುಖಮಾಡಿದ ಅನೇಕ ವಲಯಗಳಾಗಿ ಹಂಚಿಹೋಗಿರುತ್ತದೆ. ಗಾತ್ರ ಕೆಲವು ಹತ್ತು ನ್ಯಾನೊಮೀಟರುಗಳಿಗೆ ಇಳಿದಾಗ ಕಣಕ್ಕೆ ಒಂದೇ ವಲಯ ಉಳಿಯುತ್ತದೆ. ಇನ್ನೂ ಕುಗ್ಗಿ ಹತ್ತು ಹದಿನೈದು ನ್ಯಾನೊಮೀಟರಾದಾಗ, ಕೋಣೆಯ ಉಷ್ಣತೆಯ ಕಂಪನವೇ ಆ ವಲಯದ ದಿಕ್ಕನ್ನು ಕ್ಷಣಕ್ಷಣಕ್ಕೂ ತಿರುಗಿಸಿಬಿಡುತ್ತದೆ. ಆಗ ಕಣಸಮೂಹವು ಕ್ಷೇತ್ರವಿರುವಾಗ ಬಲವಾಗಿ ಎಳೆಯಲ್ಪಡುತ್ತದೆ. ಕ್ಷೇತ್ರ ತೆಗೆದೊಡನೆ ಏನೂ ನೆನಪಿಲ್ಲದಂತೆ ಚದರುತ್ತದೆ. ಇದಕ್ಕೆ ಅತ್ಯನುಕಾಂತತೆ ಎಂಬ ಹೆಸರು. ತಂಪುಗೊಳಿಸುತ್ತ ಹೋದರೆ ಒಂದು ಉಷ್ಣತೆಯಲ್ಲಿ ಈ ತಿರುಗಾಟ ನಿಲ್ಲುತ್ತದೆ. ಅದನ್ನು ತಡೆಯುಷ್ಣತೆ ಎನ್ನಬಹುದು. ಸಣ್ಣ ಕಣದ ಕಾಂತತೆಯನ್ನು ಅಭ್ಯಸಿಸುವವರು ಸಾಮಾನ್ಯವಾಗಿ ಅಳೆಯುವ ಪರಿಮಾಣಗಳಲ್ಲಿ ಇದು ಒಂದು.

ಈ ಸಿದ್ಧಾಂತ ಹುಟ್ಟಿದ ಸಂದರ್ಭ ಗಮನಾರ್ಹವಾದುದು. 1949ರಲ್ಲಿ ನೆಯೆಲ್ ಇದನ್ನು ಮಂಡಿಸಿದ ಪ್ರಬಂಧದ ಶಿರೋನಾಮೆಯಲ್ಲೇ ಸುಟ್ಟ ಮಣ್ಣಿನ ಪ್ರಸ್ತಾಪವಿದೆ. ಇಟ್ಟಿಗೆ, ಮಡಕೆ, ಕುಲುಮೆಯ ಗೋಡೆ, ಇವುಗಳ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳಿರುತ್ತವೆ. ಮಣ್ಣು ಕಾದು ಆರುವಾಗ ಆ ಕಣಗಳು ಅಂದಿನ ಭೂಕಾಂತಕ್ಷೇತ್ರದ ದಿಕ್ಕನ್ನೂ ಬಲವನ್ನೂ ತಮ್ಮಲ್ಲಿ ಬಂಧಿಸಿಕೊಳ್ಳುತ್ತವೆ. ಅದನ್ನು ಅಳೆದು ಗೂಡು ಕಡೆಯ ಬಾರಿ ಉರಿದ ಕಾಲವನ್ನು ಊಹಿಸುವ ಶಾಸ್ತ್ರ ಫ್ರಾನ್ಸಿನಲ್ಲಿ ಎಮಿಲ್ ಥೆಲಿಯೆ ಮೊದಲಾದವರಿಂದ ಬೆಳೆಯಿತು. ನ್ಯಾನೊಕಣಗಳ ಕಾಂತಸಿದ್ಧಾಂತದ ಬೇರು ಹಳೆಯ ಗೂಡುಗಳ ಮಣ್ಣಿನಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ.

6. ಗ್ರಾಫೀನ್ ಮತ್ತು ಅದರ ಸಮ್ಮಿಶ್ರಗಳು

ಗ್ರಾಫೈಟನ್ನು ತೀಕ್ಷ್ಣವಾದ ಆಮ್ಲಗಳಿಂದ ಉತ್ಕರ್ಷಿಸಿ ಗ್ರಾಫೈಟ್ ಆಕ್ಸೈಡನ್ನು ಪಡೆಯುವ ಕ್ರಮವನ್ನು 1859ರಲ್ಲೇ ಬ್ರೋಡಿ ಎಂಬಾತನು ಕಂಡುಕೊಂಡಿದ್ದನು. 1958ರಲ್ಲಿ ಹಮರ್ಸ್ ಮತ್ತು ಆಫ್ಮನ್ ಗಂಧಕಾಮ್ಲ, ಸೋಡಿಯಂ ನೈಟ್ರೇಟ್, ಪೊಟ್ಯಾಸಿಯಂ ಪರ್ಮಾಂಗನೇಟುಗಳನ್ನು ಬಳಸುವ ಹೆಚ್ಚು ಸುಲಭವಾದ ವಿಧಾನವನ್ನು ಪ್ರಕಟಿಸಿದರು. ಒಂದೇ ಪದರದ ಗ್ರಾಫೈಟಿನಲ್ಲಿ ಎಲೆಕ್ಟ್ರಾನುಗಳ ನಡವಳಿಕೆ ಹೇಗಿರಬೇಕೆಂಬ ಗಣಿತವನ್ನು 1947ರಲ್ಲಿ ವ್ಯಾಲೇಸ್ ಬರೆದಿದ್ದನು. ಆದರೆ ಆ ಒಂಟಿ ಪದರವನ್ನು ಬಿಡಿಸಿ ಅದರ ವಿದ್ಯುದ್ಗುಣಗಳನ್ನು ಅಳೆದ ಪ್ರಬಂಧ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೋವ್‌ರ ತಂಡದಿಂದ ಬಂದದ್ದು 2004ರಲ್ಲಿ. ಅಂಟುಪಟ್ಟಿಯಿಂದ ಗ್ರಾಫೈಟನ್ನು ಎಬ್ಬಿಸುವ ಸರಳ ಉಪಾಯ ಅವರದು. 2010ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಸಮ್ಮಿಶ್ರವನ್ನು ಸಿದ್ಧಪಡಿಸುವಲ್ಲಿ ಗ್ರಾಫೀನ್ ಆಕ್ಸೈಡೇ ಹೆಚ್ಚು ಉಪಯುಕ್ತ. ಅದು ನೀರಿನಲ್ಲಿ ಸುಲಭವಾಗಿ ಹರಡುತ್ತದೆ. ಅದರ ಮೈಮೇಲಿನ ಆಮ್ಲಜನಕಯುಕ್ತ ಗುಂಪುಗಳು ಲೋಹದ ಅಯಾನುಗಳನ್ನು ಹಿಡಿದುಕೊಳ್ಳುತ್ತವೆ. ಕಬ್ಬಿಣದ ಎರಡು ಬಗೆಯ ಲವಣಗಳನ್ನು, ಫೆರಸ್ ಒಂದು ಪಾಲು, ಫೆರಿಕ್ ಎರಡು ಪಾಲು ಎಂಬ ಪ್ರಮಾಣದಲ್ಲಿ ಬೆರಸಿ ಅಮೋನಿಯಾ ಹಾಕಿದರೆ ಹಾಳೆಯ ಮೇಲೆಯೇ ಮ್ಯಾಗ್ನೆಟೈಟಿನ ಕಣಗಳು ಒತ್ತರಿಸುತ್ತವೆ. ಬಳಿಕ ಹಾಳೆಯ ಆಮ್ಲಜನಕದ ಬಹುಪಾಲನ್ನು ಅಪಕರ್ಷಣದಿಂದ ತೆಗೆಯುತ್ತಾರೆ.

ಇಲ್ಲಿ ಗ್ರಾಫೀನ್ ಮಾಡುವ ಉಪಕಾರವೇನು? ಬಿಡಿಯಾದ ಕಾಂತಕಣಗಳು ಒಂದನ್ನೊಂದು ಸೆಳೆದು ಮುದ್ದೆಗಟ್ಟುತ್ತವೆ. ಹಾಳೆ ಅವುಗಳನ್ನು ದೂರದೂರ ನಿಲ್ಲಿಸುತ್ತದೆ. ವಿಶಾಲವಾದ ಮೈಯನ್ನೂ ವಿದ್ಯುತ್ತಿನ ದಾರಿಯನ್ನೂ ಒದಗಿಸುತ್ತದೆ. ಆದ್ದರಿಂದಲೇ ವಿದ್ಯುತ್ಕೋಶಗಳಲ್ಲಿ, ಸೂಕ್ಷ್ಮ ತರಂಗಗಳನ್ನು ಹೀರುವ ಲೇಪಗಳಲ್ಲಿ, ನೀರಿನ ಶುದ್ಧೀಕರಣದಲ್ಲಿ ಇವುಗಳ ಉಪಯೋಗ ಪರೀಕ್ಷಿತವಾಗಿದೆ. 2010ರಲ್ಲಿ ಕೊರಿಯ ದೇಶದ ಪೊಹಾಂಗಿನಿಂದ ವಿಮ್ಲೇಶ್ ಚಂದ್ರ ಮತ್ತು ಸಂಗಡಿಗರು ಸುಮಾರು 10 ನ್ಯಾನೊಮೀಟರಿನ ಮ್ಯಾಗ್ನೆಟೈಟ್ ಕಣಗಳುಳ್ಳ ಸಮ್ಮಿಶ್ರವೊಂದು ನೀರಿನಲ್ಲಿನ ಆರ್ಸೆನಿಕ್ ವಿಷವನ್ನು ನೂರಕ್ಕೆ 99.9ಕ್ಕಿಂತ ಹೆಚ್ಚಾಗಿ ಹಿಡಿಯಬಲ್ಲದೆಂದು ವರದಿಮಾಡಿದರು. ವಿಷವನ್ನು ಹಿಡಿದ ಪುಡಿಯನ್ನು ಅಯಸ್ಕಾಂತವೊಂದನ್ನು ಹಿಡಿದು ನೀರಿನಿಂದ ಎಳೆದುಬಿಡಬಹುದು. ಹಳ್ಳದ ಕರಿಮರಳಿನಲ್ಲಿ ಬಾಲಕನು ಮಾಡಿದ ಪ್ರಯೋಗವೇ ಇಲ್ಲಿ ಉಪಕಾರಿಯಾಗಿ ಬಂದಿದೆ.

ಕುಲುಮೆಗೂ ಈ ಸಮ್ಮಿಶ್ರಕ್ಕೂ ಇರುವ ಅಂತರ ಮುಖ್ಯವಾಗಿ ಶಾಖದ ಅಂತರ. ತಣ್ಣನೆಯ ಸ್ಥಿತಿಯಲ್ಲಿ ಇಂಗಾಲವು ಆಕ್ಸೈಡನ್ನು ಹೊರುತ್ತದೆ, ಕಾಯಿಸಿದರೆ ತಿನ್ನುತ್ತದೆ. ಗಾಳಿಯಿಲ್ಲದೆಡೆ 600–700 ಸೆಂಟಿಗ್ರೇಡ್ ಡಿಗ್ರಿಗಳನ್ನು ಮೀರಿ ಈ ಸಮ್ಮಿಶ್ರವನ್ನು ಕಾಯಿಸಿದರೆ ಗ್ರಾಫೀನು ಆಕ್ಸೈಡಿನ ಆಮ್ಲಜನಕವನ್ನು ಕಸಿದುಕೊಂಡು ತಾನು ತೂತುಬೀಳುತ್ತದೆ. ಕಬ್ಬಿಣವೂ ಕಬ್ಬಿಣದ ಕಾರ್ಬೈಡೂ ಹುಟ್ಟುತ್ತವೆ. ಮಾಗಡಿಯ ಗೂಡಿನಲ್ಲಿ ನಡೆದ ಕ್ರಿಯೆಯೇ ಪರೀಕ್ಷಾನಳಿಕೆಯಲ್ಲಿ ನಡೆದುಹೋಗುತ್ತದೆ. ಕಾಯಿಸಿದ ಮಾದರಿಯ ಕಾಂತತೆ ಹೆಚ್ಚಿತೆಂದು ಹಿಗ್ಗುವ ವಿದ್ಯಾರ್ಥಿಯು ತಾನು ಅರಿಯದೆ ಕಬ್ಬಿಣವನ್ನೇ ಕರಗಿಸಿಲ್ಲವಷ್ಟೆ ಎಂದು ಮೊದಲು ನೋಡಿಕೊಳ್ಳಬೇಕು.

7. 2006ರ ಎರಡು ಪ್ರಬಂಧಗಳು

2001ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮಕರೋವ ಮತ್ತು ಸಂಗಡಿಗರ ಪ್ರಬಂಧವೊಂದು ಪ್ರಕಟವಾಯಿತು. ಅರವತ್ತು ಇಂಗಾಲ ಪರಮಾಣುಗಳ ಚೆಂಡಿನಂಥ ಫುಲರೀನನ್ನು ಅಧಿಕ ಒತ್ತಡ ಮತ್ತು ಶಾಖದಲ್ಲಿ ಬೆಸೆದಾಗ ಕೋಣೆಯ ಉಷ್ಣತೆಯಲ್ಲೇ ಫೆರೋಕಾಂತವಾಗಿರುವ ಇಂಗಾಲ ದೊರೆಯಿತೆಂಬುದು ಅದರ ಸಾರ. ಅದರ ಕ್ಯೂರಿ ಉಷ್ಣತೆ ಸುಮಾರು 500 ಕೆಲ್ವಿನ್, ಅಂದರೆ 227 ಸೆಂಟಿಗ್ರೇಡ್ ಡಿಗ್ರಿಯ ಆಸುಪಾಸು. ಲೋಹವೇ ಇಲ್ಲದ ಅಯಸ್ಕಾಂತ! ವಿದ್ವಲ್ಲೋಕ ಬೆರಗಾಯಿತು.

ಆದರೆ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಅವುಗಳಲ್ಲಿ ಮೊದಲು ಎಣಿಸಿದ್ದಕ್ಕಿಂತ ಬಹಳ ಹೆಚ್ಚಿನ ಕಬ್ಬಿಣ ಕಂಡುಬಂತು. ಆ ಕಬ್ಬಿಣ ಇಂಗಾಲದೊಡನೆ ಕೂಡಿದರೆ ಆಗುವುದು ಸಿಮೆಂಟೈಟ್. ಸಿಮೆಂಟೈಟಿನ ಕ್ಯೂರಿ ಉಷ್ಣತೆ ಸುಮಾರು 210 ಸೆಂಟಿಗ್ರೇಡ್ ಡಿಗ್ರಿ, ಹೊಸ ಕಾಂತಕ್ಕೆ ಹೇಳಿದ ಉಷ್ಣತೆಗೆ ಅತಿ ಸಮೀಪ. 2006ರಲ್ಲಿ ಲೇಖಕರಲ್ಲಿ ಬಹುಮಂದಿ ಆ ಪ್ರಬಂಧವನ್ನು ಹಿಂತೆಗೆದುಕೊಂಡರು. ಮೂಸೆಯ ಉಕ್ಕಿಗೆ ಕಾಠಿಣ್ಯ ಕೊಟ್ಟ ಸಿಮೆಂಟೈಟೇ ಇಲ್ಲಿ ಇಂಗಾಲದ ವೇಷ ಧರಿಸಿ ಬಂದಿತ್ತು.

ಅದೇ ವರ್ಷ ಅದೇ ಪತ್ರಿಕೆಯಲ್ಲಿ, ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾನಿಲಯದ ರೈಬೋಲ್ಡ್, ಪಾಫ್ಲರ್ ಮೊದಲಾದವರು 17ನೆಯ ಶತಮಾನದ ಡಮಾಸ್ಕಸ್ ಖಡ್ಗವೊಂದರ ತುಣುಕಿನಲ್ಲಿ ಇಂಗಾಲದ ನ್ಯಾನೊನಳಿಕೆಗಳನ್ನೂ ಸಿಮೆಂಟೈಟಿನ ನ್ಯಾನೊತಂತಿಗಳನ್ನೂ ಕಂಡುದಾಗಿ ವರದಿಮಾಡಿದರು. ಇಂಥ ಖಡ್ಗಗಳಿಗೆ ಭಾರತದ ವೂಟ್ಸ್ ಉಕ್ಕು ಮೂಲದ್ರವ್ಯವಾಗಿತ್ತೆಂಬುದು ಪ್ರಸಿದ್ಧ. ಈ ವರದಿಯನ್ನು ಓದಿ ನಮ್ಮ ಹಿರಿಯರಿಗೆ ನ್ಯಾನೊವಿಜ್ಞಾನ ತಿಳಿದಿತ್ತೆಂದು ಭಾಷಣಗಳಲ್ಲಿ ಹೇಳುವವರು ಹೊರಟರು. ಅದು ಸರಿಯಾದ ಗೌರವವಲ್ಲ. ತಿದಿ ಒತ್ತಿದ ಮತ್ತು ಮೂಸೆ ಮುಚ್ಚಿದ ಆ ಕೈಗಳಿಗೆ ತಿಳಿದಿದ್ದುದು ಮಣ್ಣು, ಮರ, ಬೆಂಕಿಯ ಬಣ್ಣ, ತಂತಿಯ ನಾದ. ಅದು ಸ್ವತಃ ಪೂರ್ಣವಾದ ಅರಿವು. ಇಲ್ಲದ ಅರಿವೊಂದನ್ನು ಅದಕ್ಕೆ ಸಾಲವಾಗಿ ತಂದು ಮೆತ್ತಿದರೆ ಇದ್ದ ಅರಿವು ಮುಚ್ಚಿಹೋಗುತ್ತದೆ. ಇಂಗಾಲದಲ್ಲಿ ಇಲ್ಲದ ಕಾಂತತೆಯನ್ನು ಕಂಡದ್ದೂ ಹಿಂದಿನವರಲ್ಲಿ ಇಲ್ಲದ ಶಾಸ್ತ್ರವನ್ನು ಕಾಣುವುದೂ ಒಂದೇ ಬಗೆಯ ಪ್ರಮಾದ.

8. ಬೆಂಗಳೂರಿನ ಕೆಲಸ ಮತ್ತು ಅಳತೆಯ ಎಚ್ಚರ

ಈ ವಿಚಾರದಲ್ಲಿ ನಮ್ಮ ನಾಡಿನ ಸಂಶೋಧನೆಗೂ ಗಣ್ಯವಾದ ಸ್ಥಾನವಿದೆ. 1989ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಿಂದ 2006ರಲ್ಲಿ ಎ. ಸುಂದರೇಶನ್, ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರು, ಸಾಮಾನ್ಯವಾಗಿ ಕಾಂತಗುಣವಿಲ್ಲದ ಸೀರಿಯಂ, ಅಲ್ಯೂಮಿನಿಯಂ, ಸತು, ಇಂಡಿಯಂ, ತವರಗಳ ಆಕ್ಸೈಡುಗಳು 7ರಿಂದ 30 ನ್ಯಾನೊಮೀಟರಿನ ಕಣಗಳಾದಾಗ ಕೋಣೆಯ ಉಷ್ಣತೆಯಲ್ಲಿ ಫೆರೋಕಾಂತತೆಯನ್ನು ತೋರುತ್ತವೆಂದು ಪ್ರಕಟಿಸಿದರು. ಮೇಲ್ಮೈಯಲ್ಲಿ ಆಮ್ಲಜನಕ ತಪ್ಪಿಹೋದ ತೆರಪುಗಳೇ ಇದಕ್ಕೆ ಕಾರಣವಿರಬೇಕೆಂದರು. 2009ರಲ್ಲಿ ಅದೇ ಕೇಂದ್ರದಿಂದ ಮಟ್ಟೆ, ಸುಬ್ರಹ್ಮಣ್ಯಂ, ರಾವ್ ಅವರು ಹಲವು ವಿಧಾನಗಳಿಂದ ಮಾಡಿದ ಗ್ರಾಫೀನುಗಳಲ್ಲಿ ಕಾಂತತೆಯ ಲಕ್ಷಣಗಳನ್ನು ವರದಿಮಾಡಿದರು. 2010ರಲ್ಲಿ ಮ್ಯಾಂಚೆಸ್ಟರಿನ ಸೆಪಿಯೋನಿ ಮೊದಲಾದವರು ತಮ್ಮ ಗ್ರಾಫೀನ್ ತುಣುಕುಗಳಲ್ಲಿ 2 ಕೆಲ್ವಿನ್‌ವರೆಗೆ ತಂಪುಗೊಳಿಸಿದರೂ ಫೆರೋಕಾಂತತೆ ಕಾಣಲಿಲ್ಲವೆಂದೂ ದುರ್ಬಲವಾದ ಅನುಕಾಂತತೆ ಮಾತ್ರ ಉಂಟೆಂದೂ ತಿಳಿಸಿದರು. ಎರಡು ತಂಡಗಳ ಮಾದರಿಗಳು ಬೇರೆ. ಅವುಗಳನ್ನು ಸಿದ್ಧಪಡಿಸಿದ ಬಗೆಯೂ ಬೇರೆ. ಅಂಚಿನ ಆಕಾರ, ಹಾಳೆಯ ನ್ಯೂನತೆ, ಉಳಿದುಕೊಂಡ ಬೆರಕೆ, ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂಬುದೇ ವಾದದ ಕೇಂದ್ರ.

ಬೆರಕೆಯ ಬಲವೆಷ್ಟೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ಅರಿಯಬಹುದು. ಒಂದು ಮಿಲಿಗ್ರಾಂ ಇಂಗಾಲದಲ್ಲಿ ಹತ್ತು ಲಕ್ಷಕ್ಕೆ ನೂರು ಪಾಲು ಕಬ್ಬಿಣವಿದೆ ಎನ್ನೋಣ. ಆ ಕಬ್ಬಿಣದ ತೂಕ ಒಂದು ಗ್ರಾಮಿನ ಕೋಟಿಯಲ್ಲಿ ಒಂದು ಭಾಗ. ಅದನ್ನು 218ರಿಂದ ಗುಣಿಸಿದರೆ ದೊರೆವ ಕಾಂತತ್ವ ಸುಮಾರು ಒಂದು ಲಕ್ಷದಲ್ಲಿ ಎರಡು ಮಾನ. ಸ್ಕ್ವಿಡ್ ಎಂಬ ಅತಿ ಸೂಕ್ಷ್ಮ ಉಪಕರಣ ಇದರ ಸಾವಿರದ ಒಂದು ಭಾಗವನ್ನೂ ಗುರುತಿಸಬಲ್ಲದು. ಕಣ್ಣಿಗೆ ಕಾಣದ, ತಕ್ಕಡಿಗೆ ಸಿಕ್ಕದ ಕಬ್ಬಿಣ ಉಪಕರಣಕ್ಕೆ ಬೆಟ್ಟದಂತೆ ತೋರುತ್ತದೆ. 2004ರಲ್ಲಿ ಹಾಫ್ನಿಯಂ ಆಕ್ಸೈಡಿನ ಪೊರೆಯಲ್ಲಿ ಅನಿರೀಕ್ಷಿತ ಕಾಂತತೆಯ ವರದಿ ಡಬ್ಲಿನ್ನಿನಿಂದ ಬಂದಾಗ, ಮರುವರ್ಷವೇ ಏಬ್ರಹಾಂ ಮತ್ತಿಬ್ಬರು, ಉಕ್ಕಿನ ಚಿಮಟದಿಂದ ಮಾದರಿಯನ್ನು ಮುಟ್ಟಿದರೇ ಅಷ್ಟು ಕಾಂತತೆ ಅಂಟಿಕೊಳ್ಳುತ್ತದೆಂದು ತೋರಿಸಿದರು. ಹಮರ್ಸ್ ವಿಧಾನದ ಪರ್ಮಾಂಗನೇಟಿನಿಂದ ಉಳಿದ ಮ್ಯಾಂಗನೀಸೂ ಇಂಥದೇ ಒಂದು ಬೆರಕೆ.

ಸಮ್ಮಿಶ್ರಗಳಲ್ಲಿ ಇನ್ನೊಂದು ತೊಡಕಿದೆ. ನೂರು ಪಾಲು ತೂಕದಲ್ಲಿ ಮ್ಯಾಗ್ನೆಟೈಟ್ 60 ಪಾಲು, ಗ್ರಾಫೀನ್ 40 ಪಾಲು ಇದ್ದರೆ, ಯಾವ ವಿಶೇಷವೂ ಇಲ್ಲದೆ ಸಂತೃಪ್ತ ಕಾಂತತ್ವ ಗ್ರಾಮಿಗೆ 92ರಿಂದ ಸುಮಾರು 55ಕ್ಕೆ ಇಳಿಯಬೇಕು. ಕಣಗಳ ಮೇಲ್ಮೈಯಲ್ಲಿನ ಭ್ರಮಣಗಳ ಅವ್ಯವಸ್ಥೆಯಿಂದ ಇನ್ನೂ ಕಡಮೆಯಾಗಬಹುದು. ಆಕ್ಸೈಡಿನ ಪಾಲನ್ನು ಬೇರೆಯಾಗಿ ಅಳೆಯದೆ 'ಗ್ರಾಫೀನಿನಿಂದ ಕಾಂತತೆ ತಗ್ಗಿತು' ಅಥವಾ 'ಹೆಚ್ಚಿತು' ಎಂದು ಬರೆದರೆ ಆ ವಾಕ್ಯಕ್ಕೆ ಅರ್ಥವಿರುವುದಿಲ್ಲ.

9. ಉಪಸಂಹಾರ

ಈ ಇತಿಹಾಸದಿಂದ ಹೊರಡುವ ಪಾಠ ಒಂದೇ: ಇಂಗಾಲದಲ್ಲಿ ಕಾಂತತೆ ಕಂಡಾಗ, ಕಬ್ಬಿಣ ಎಲ್ಲಿಂದ ಬಂತು, ಯಾವ ರೂಪದಲ್ಲಿದೆ, ಎಷ್ಟಿದೆ ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಹೇಳಬೇಕು. ಹಾಳೆಯನ್ನು ಆಕ್ಸೈಡು ಸೇರಿಸುವ ಮುನ್ನವೇ ಒಮ್ಮೆ ಅಳೆದಿಡುವುದು, ಲೋಹದ ಚಿಮಟವನ್ನು ಬಿಟ್ಟು ಪ್ಲಾಸ್ಟಿಕ್ಕಿನದನ್ನು ಹಿಡಿಯುವುದು, ಆಕ್ಸೈಡಿನ ಪಾಲನ್ನು ತೂಕದಿಂದ ಗೊತ್ತುಮಾಡುವುದು, ಕಾಯಿಸಿದ ಮಾದರಿಯಲ್ಲಿ ಸಿಮೆಂಟೈಟಿನ ಕ್ಯೂರಿ ಉಷ್ಣತೆಯ ಗುರುತನ್ನು ಹುಡುಕುವುದು, ಇವು ದೊಡ್ಡ ವೆಚ್ಚದ ಕೆಲಸಗಳಲ್ಲ. ನಮ್ಮ ಕಾಲೇಜುಗಳಿಂದ ಹೊರಡುವ ಪ್ರಬಂಧಗಳಿಗೆ ಗೌರವ ಬರುವುದು ಇವುಗಳಿಂದ.

ಎರಡನೆಯದಾಗಿ, ಹಳೆಯ ಕುಲುಮೆಗಳ ಕಿಟ್ಟ ಮತ್ತು ಸುಟ್ಟ ಮಣ್ಣು ನಮ್ಮ ವಿಭಾಗಗಳ ಅಭ್ಯಾಸಕ್ಕೆ ಯೋಗ್ಯವಾದ ವಸ್ತುಗಳು. ಬೆಂಗಳೂರಿನಲ್ಲಿ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು 2004ರಲ್ಲಿ ಪ್ರಕಟಿಸಿದ ವೂಟ್ಸ್ ಕುರಿತ ಗ್ರಂಥ ಲೋಹಶಾಸ್ತ್ರದ ಕಡೆಯಿಂದ ದಾರಿ ತೋರಿದೆ. ಕಾಂತಶಾಸ್ತ್ರದ ಕಡೆಯಿಂದ ಮಾಡಬೇಕಾದುದು ಬಹಳ ಉಳಿದಿದೆ. ಕಿಟ್ಟದ ಗುಪ್ಪೆಗೆ ಕಾವಲಿಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ತೆರೆದ ಮೇಲೆ ಈ ಸೀಮೆಯ ನೆಲದ ಬೆಲೆ ಏರಿ, ಹೊಲಗಳು ನಿವೇಶನಗಳಾಗುತ್ತಿವೆ. ಒಂದು ಯಂತ್ರ ಅರ್ಧ ದಿನದಲ್ಲಿ ಸಮತಟ್ಟು ಮಾಡಿದ ಗೂಡಿನ ತಳದಿಂದ ಯಾವ ದಿಕ್ಕನ್ನೂ ಅಳೆಯಲಾಗದು. ಸುಟ್ಟ ಮಣ್ಣನ್ನು ಕದಲಿಸುವ ಮುನ್ನ ಅದರ ಮೇಲೆ ಉತ್ತರ ದಿಕ್ಕನ್ನು ಗುರುತುಮಾಡಿಕೊಳ್ಳಬೇಕು. ಕದಲಿದ ಮೇಲೆ ಕ್ಷೇತ್ರದ ಬಲವನ್ನು ಅಳೆಯಬಹುದಾದರೂ ದಿಕ್ಕು ಹೋಯಿತು.

ಆದಕಾರಣ ಚನ್ನಪಟ್ಟಣ, ಮಾಗಡಿ, ಕನಕಪುರ, ರಾಮನಗರಗಳ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಡನೆ ತಮ್ಮ ತಮ್ಮ ಊರುಗಳಲ್ಲಿ ಕಿಟ್ಟವಿರುವ ಸ್ಥಳಗಳ ಪಟ್ಟಿಯೊಂದನ್ನು ಮಾಡಲು ತೊಡಗಿದರೆ ಮಹದುಪಕಾರವಾಗುವುದು. ಅದಕ್ಕೆ ಬೇಕಾದ ಉಪಕರಣಗಳು ದಿಕ್ಸೂಚಿ, ಕೈಯಳತೆಯ ಅಯಸ್ಕಾಂತ, ನಕ್ಷೆ, ಊರಿನ ಹಿರಿಯರನ್ನು ಕೇಳುವ ತಾಳ್ಮೆ, ಇಷ್ಟೆ. ಗ್ರಾಫೀನನ್ನು ಅಳೆಯುವ ಉಪಕರಣದಲ್ಲೇ ಆ ಮಣ್ಣನ್ನೂ ಅಳೆಯಬಹುದು. ಎರಡರಲ್ಲಿಯೂ ಓಗೊಡುವುದು ಕಬ್ಬಿಣವೇ.